ವಕ್ರಾಂಗುಷ್ಠ: ನಾಮನಿರ್ಣಯವೂ ಶಮನೋಪಾಯವೂ

ಕಾಲಿನ ಹೆಬ್ಬೆರಳ ಬುಡದಲ್ಲಿ, ಪಾದದ ಒಳಮಗ್ಗುಲಿಗೆ ಎದ್ದುನಿಲ್ಲುವ ಗಂಟೊಂದುಂಟು. ಮೆಟ್ಟಿನ ಒತ್ತಡದಿಂದ ಅದು ಕೆಂಪಾಗಿ, ಬಾತು, ನೋಯುವುದು. ಆಂಗ್ಲರು ಇದನ್ನು ಬನಿಯನ್ ಎಂದು ಕರೆಯುವರು. ಹುಕ್ಕೇರಿ ಸೀಮೆಯ ಘಟಪ್ರಭಾತೀರದ ದಡ್ಡಿಯಂತಹ ಗ್ರಾಮಗಳಲ್ಲಿ ದಿನವೆಲ್ಲ ಹೊಲದಲ್ಲಿ ನಿಂತು ದುಡಿಯುವವರಿಗೆ ಕಾಲುನೋವೆಂದರೆ ಕೂಲಿಯ ನಷ್ಟವೇ ಸರಿ. ಇದನ್ನು ಕೆಲವರು ಆಣಿಯೆಂದೂ ಕೆಲವರು ವಾತವೆಂದೂ ಹೇಳುವುದುಂಟು. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುವುದಾದುದರಿಂದ ಮೊದಲು ನಾಮನಿರ್ಣಯವನ್ನು ಮಾಡತಕ್ಕುದು.

ಸುಶ್ರುತಸಂಹಿತೆಯ ಕ್ಷುದ್ರರೋಗಪ್ರಕರಣದಲ್ಲಿ ‘ಕದರ’ವೆಂಬ ಪಾದರೋಗವು ಉಕ್ತವಾಗಿದೆ. ಹರಳು ಒತ್ತುವುದರಿಂದಲೂ ಮುಳ್ಳು ನೆಡುವುದರಿಂದಲೂ ಹುಟ್ಟುವ ಗಟ್ಟಿ ಗಂಟು ಅದು. ನಮ್ಮ ಆಣಿಯೇ ಹೊರತು ಬೇರೆಯಲ್ಲ. ಅದನ್ನು ಕತ್ತರಿಸಿ ತೆಗೆದು ಕಾಯಿಸಿದ ಸ್ನೇಹದಿಂದ ಸುಡಬೇಕೆಂದು ಅಲ್ಲಿ ವಿಧಿಸಿದೆ. ಪಾದಮೂಲದಲ್ಲಿ ಆರಂಭವಾಗುವ ‘ವಾತರಕ್ತ’ವಾದರೋ ಬೇರೊಂದು ವ್ಯಾಧಿ. ಇಂದಿನ ವೈದ್ಯರು ಯೂರಿಕ್ ಆಮ್ಲದ ಸಂಚಯದಿಂದ ಉಂಟಾಗುವುದೆಂದು ಹೇಳುವ ಗೌಟ್ ರೋಗವನ್ನು ಇದಕ್ಕೆ ಹೋಲಿಸುವುದುಂಟು. ಗೌಟ್ ಕೂಡ ಹೆಬ್ಬೆರಳ ಈ ಸಂಧಿಯನ್ನೇ ಹಿಡಿಯುವುದಾದರೂ ಒಮ್ಮೆಲೇ, ಬಹುಶಃ ರಾತ್ರಿಯಲ್ಲಿ, ಉರಿನೋವಿನೊಡನೆ ಎರಗುವುದು. ಬನಿಯನ್ ಹಾಗಲ್ಲ, ವರ್ಷವರ್ಷಕ್ಕೂ ಮೆಲ್ಲನೆ ಬೆಳೆಯುವುದು. ಆದುದರಿಂದ ಇದಕ್ಕೆ ‘ವಕ್ರಾಂಗುಷ್ಠ’ವೆಂಬ ಹೆಸರು ಒಪ್ಪುವುದೆಂದು ನಮ್ಮ ಅಭಿಪ್ರಾಯ.

ಈ ಹೆಸರಿಗೆ ಕಾರಣವು ಗಂಟಿನ ಸ್ವರೂಪದಲ್ಲಿಯೇ ಇದೆ. ಇದು ಹೊಸದಾಗಿ ಬೆಳೆದ ಮಾಂಸವಲ್ಲ, ತೊಗಲಿನ ಗಡಸೂ ಅಲ್ಲ. ಹೆಬ್ಬೆರಳು ಎರಡನೆಯ ಬೆರಳಿನ ಕಡೆಗೆ ವಾಲುವುದು. ಅದರ ಹಿಂದಿನ ಪಾದಾಸ್ಥಿಯು ಒಳಮಗ್ಗುಲಿಗೆ ಸರಿಯುವುದು. ಆ ಅಸ್ಥಿಯ ತಲೆಯೇ ಗಂಟಿನಂತೆ ಹೊರಚಾಚುವುದು. ಬೆರಳಿನ ಓರೆಯು 15 ಅಂಶಗಳನ್ನು ಮೀರಿದರೆ ವಿಕಾರವೆಂದು ವೈದ್ಯರು ಎಣಿಸುವರು. ವಂಶಗುಣ, ಸಂಧಿಬಂಧಗಳ ಸಡಿಲತೆ, ಇಕ್ಕಟ್ಟಾದ ಪಾದರಕ್ಷೆ ಇವು ಕಾರಣಗಳೆನ್ನಿಸಿವೆ. ಸ್ತ್ರೀಯರಲ್ಲಿ ಇದು ಹೆಚ್ಚು. 1958ರಲ್ಲಿ ಪ್ರಕಟವಾದ ಹಾಂಗ್‌ಕಾಂಗಿನ ಪರಿಶೀಲನೆಯೊಂದರಲ್ಲಿ ಷೂ ತೊಡುವವರಲ್ಲಿ ನೂರಕ್ಕೆ 33 ಮಂದಿಗೆ ಈ ವಿಕಾರವಿದ್ದರೆ, ಬರಿಗಾಲಿನವರಲ್ಲಿ ನೂರಕ್ಕೆ ಇಬ್ಬರಿಗೂ ತುಸು ಕಡಿಮೆ ಕಂಡುಬಂದಿತು. ಹಾಗೆಂದು ಬರಿಗಾಲೇ ಲೇಸೆನ್ನಲಾಗದು. ಪಾದತ್ರಧಾರಣದಿಂದ ಕಾಲಿಗೆ ರಕ್ಷೆಯೂ ಬಲವೂ ಉಂಟೆಂದು ಚರಕಸಂಹಿತೆಯ ಸೂತ್ರಸ್ಥಾನವೇ ಹೇಳುತ್ತದೆ. ಬಿಡಬೇಕಾದುದು ಇಕ್ಕಟ್ಟನ್ನು, ಮೆಟ್ಟನ್ನಲ್ಲ.

ಈ ವಿಷಯದಲ್ಲಿ ನಮ್ಮ ಸೀಮೆಯು ಭಾಗ್ಯಶಾಲಿಯೇ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳಲ್ಲಿ ಹೊಲಿಯುವ, ಕೊಲ್ಹಾಪುರಿಯೆಂದು ಹೆಸರಾದ ಚಪ್ಪಲಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆತುದು 2019ರಲ್ಲಿ ಪ್ರಕಟವಾಯಿತು. ಕರ್ನಾಟಕದ 4, ಮಹಾರಾಷ್ಟ್ರದ 4 ಜಿಲ್ಲೆಗಳು ಇದರಲ್ಲಿ ಸೇರಿವೆ. ಈ ಚಪ್ಪಲಿಯ ಮುಂಭಾಗವು ತೆರೆದಿರುವುದರಿಂದ ಬೆರಳುಗಳು ಹರಡಿಕೊಳ್ಳಬಲ್ಲವು. ಆದರೆ ಹೆಬ್ಬೆರಳ ಕುಣಿಕೆಯಾಗಲಿ ಪಟ್ಟಿಯಾಗಲಿ ಗಂಟಿನ ಮೇಲೆಯೇ ಕೂತರೆ ಗುಣವೇ ದೋಷವಾಗುವುದು. ಅದನ್ನು ಹೊಲಿಯುವವನಿಗೆ ತೋರಿಸಿ ಸಡಿಲಿಸಿಕೊಳ್ಳತಕ್ಕುದು. ಹೊಸ ತೊಗಲಿಗೆ ಎಣ್ಣೆ ಸವರಿ ಮೆದುಮಾಡಿಕೊಳ್ಳುವುದು ಬಲ್ಲವರ ರೂಢಿ.

ಇನ್ನು ಶಮನೋಪಾಯಗಳು. ಸಂಜೆಯ ಹೊತ್ತು ಪಾದವು ತುಸು ಉಬ್ಬಿರುವುದರಿಂದ ಆಗಲೇ ಮೆಟ್ಟನ್ನು ಕೊಳ್ಳುವುದು ಲೇಸು. ಕಾಗದದ ಮೇಲೆ ನಿಂತು ಪಾದದ ಅಂಚನ್ನು ಗೀಚಿ, ಅದರ ಮೇಲೆ ಮೆಟ್ಟನ್ನಿಟ್ಟು ನೋಡಿದರೆ ಇಕ್ಕಟ್ಟು ತಾನಾಗಿ ತೋರುವುದು. ಎತ್ತರದ ಹಿಮ್ಮಡಿಯು ಭಾರವನ್ನು ಬೆರಳುಗಳ ಮೇಲೆ ತಳ್ಳುವುದರಿಂದ ವರ್ಜ್ಯ. ಗಂಟಿಗೆ ಮೆತ್ತನೆಯ ಒತ್ತನ್ನು ಕಟ್ಟುವುದರಿಂದ ಉಜ್ಜಾಟ ತಪ್ಪುವುದು. ಬಾವು ಹೆಚ್ಚಿದಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪ ಹೊತ್ತು ಇಡಬಹುದು. ಪಾದಾಭ್ಯಂಗವು ಆಯಾಸವನ್ನು ಕಳೆಯುವುದೇ ಹೊರತು ಸರಿದ ಎಲುಬನ್ನು ಹಿಂದಕ್ಕೆ ತಾರದು. ಬೆರಳನ್ನು ನೆಟ್ಟಗೆ ಹಿಡಿಯುವ ಕಟ್ಟುಗಳೂ ಹಾಗೆಯೇ. ತೊಟ್ಟಿರುವಾಗ ಸುಖವನ್ನು ಕೊಟ್ಟರೂ ಓರೆಯನ್ನು ಶಾಶ್ವತವಾಗಿ ತಿದ್ದವು.

ನಾಮನಿರ್ಣಯದ ಪ್ರಯೋಜನವು ಇಲ್ಲಿಯೇ ಸ್ಪಷ್ಟವಾಗುವುದು. ಆಣಿಯೆಂದು ಬಗೆದು ಇದನ್ನು ಕ್ಷೌರದ ಕತ್ತಿಯಿಂದ ಕೊಯ್ದರೆ ಒಳಗಿರುವುದು ಸಂಧಿಯೂ ಅಸ್ಥಿಯೂ ಆದುದರಿಂದ ವ್ರಣವು ಕೀತು ಅನರ್ಥವಾದೀತು. ಮಧುಮೇಹಿಗಳ ಕಾಲಿನಲ್ಲಿ ಸ್ಪರ್ಶಜ್ಞಾನವು ಕುಂದಿರಬಹುದಾದುದರಿಂದ ಅವರಿಗೆ ಅಪಾಯವು ಮತ್ತಷ್ಟು ಹೆಚ್ಚು. ಅವರು ಗಂಟಿನ ಮೇಲೆ ಹುಣ್ಣು ಕಂಡೊಡನೆ ವೈದ್ಯರ ಬಳಿ ಹೋಗತಕ್ಕುದು. ಉಪಾಯಗಳೆಲ್ಲ ಸೋತು ನಡೆಯುವುದೇ ಕಷ್ಟವಾದಾಗ ಶಸ್ತ್ರವೈದ್ಯರು ಎಲುಬನ್ನು ಕತ್ತರಿಸಿ ನೇರಗೊಳಿಸುವರು. ಆ ಬಳಿಕ ಹಲವು ವಾರಗಳ ವಿಶ್ರಾಂತಿ ಬೇಕು. ನೋವಿನ ನಿವಾರಣೆಗಾಗಿ ಇದನ್ನು ಮಾಡಿಸಿಕೊಳ್ಳುವುದು ಯುಕ್ತ. ಕೇವಲ ಅಂದಕ್ಕಾಗಿ ಯುಕ್ತವಲ್ಲ.