ಲಿನಕ್ಸ್ ಟರ್ಮಿನಲ್: ಅಪಾಯಕ್ಕೊಂದು ಕೆಂಪು ಬಣ್ಣ

ಲಿನಕ್ಸ್ ಕಂಪ್ಯೂಟರಿನ ಟರ್ಮಿನಲ್‌ಗೆ ಬಣ್ಣ ಹಚ್ಚುವುದು ಶೋಕಿಯ ಕೆಲಸವೆಂಬ ಭಾವನೆ ಅನೇಕರಲ್ಲಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದ ಪ್ರಮಾದವು ಬೇರೆಯೇ ಪಾಠ ಹೇಳುತ್ತದೆ.

ಅಂದು ರಾತ್ರಿ ಸಂಸ್ಥೆಯ ಎಂಜಿನಿಯರ್ ಒಬ್ಬರು, ಎರಡನೆಯ ಸರ್ವರಿನಲ್ಲಿ ಅಳಿಸಬೇಕಿದ್ದ ಫೋಲ್ಡರನ್ನು ಮುಖ್ಯ ಸರ್ವರಿನಲ್ಲಿ ಅಳಿಸಿಬಿಟ್ಟರು. ತಪ್ಪು ಅರಿವಾಗಿ ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಮಾಹಿತಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ಬ್ಯಾಕಪ್ ವ್ಯವಸ್ಥೆಯೂ ಕೈಕೊಟ್ಟಿತ್ತು. ಸುಮಾರು 6 ಗಂಟೆಗಳ ಮಾಹಿತಿ ಮರಳಿ ಸಿಗಲಿಲ್ಲ. ಸಂಸ್ಥೆಯು ಬಹಿರಂಗಪಡಿಸಿದ ಟಿಪ್ಪಣಿಯಲ್ಲಿದ್ದ ಪರಿಹಾರಗಳಲ್ಲಿ ಬಣ್ಣವೂ ಒಂದು: ಚಾಲ್ತಿಯಲ್ಲಿರುವ ಸರ್ವರಿಗೆ ಕೆಂಪು, ಪರೀಕ್ಷಾ ಸರ್ವರಿಗೆ ಹಳದಿ.

ಬೆಂಗಳೂರಿನ ಕಚೇರಿಯಿರಲಿ, ಮುಂಡರಗಿ ಸೀಮೆಯ ಹಮ್ಮಿಗಿಯ ಮನೆಯಿರಲಿ, ದೂರದ ಸರ್ವರುಗಳನ್ನು ನಿರ್ವಹಿಸುವವರ ಮುಂದೆ ನಾಲ್ಕಾರು ಟರ್ಮಿನಲ್ ಕಿಟಕಿಗಳು ಒಂದೇ ರೂಪದಲ್ಲಿ ತೆರೆದಿರುತ್ತವೆ. ಗೊಂದಲ ಹುಟ್ಟುವುದೇ ಅಲ್ಲಿ.

ಬಣ್ಣ ಮೂಡುವ ಬಗೆ ಸರಳ. ಅಕ್ಷರಗಳ ಜೊತೆಗೆ ಗುಪ್ತ ಸಂಕೇತವೊಂದು ಪರದೆಗೆ ಹೋಗುತ್ತದೆ: ಎಸ್ಕೇಪ್ ಚಿಹ್ನೆ, ಎಡ ಚೌಕಾವರಣ, ಒಂದು ಸಂಖ್ಯೆ, ಕೊನೆಗೆ ಇಂಗ್ಲಿಷಿನ ಸಣ್ಣಕ್ಷರ ಎಂ. ಸಂಖ್ಯೆ 31 ಆದರೆ ಕೆಂಪು, 32 ಹಸಿರು, 33 ಹಳದಿ. 0 ಕೊಟ್ಟರೆ ಮೊದಲಿನ ಸ್ಥಿತಿ. ಹೀಗೆ 30ರಿಂದ 37ರವರೆಗೆ ಎಂಟು ಮೂಲ ಬಣ್ಣಗಳಿವೆ. ಅವುಗಳ ನಿಖರ ಛಾಯೆಯನ್ನು ಟರ್ಮಿನಲ್ ತಂತ್ರಾಂಶದ ಆಯ್ಕೆಗಳಲ್ಲಿ ಬದಲಿಸಿಕೊಳ್ಳಬಹುದು.

ಆದೇಶ ಬರೆಯುವ ಸಾಲಿನ ಆರಂಭದಲ್ಲಿ ಕಾಣುವ ಪ್ರಾಂಪ್ಟ್‌ನ ರೂಪವನ್ನು ಬ್ಯಾಶ್‌ನಲ್ಲಿ ಪಿಎಸ್1 ಎಂಬ ಚರಾಂಶ ನಿರ್ಧರಿಸುತ್ತದೆ. ಬಳಕೆದಾರರ ಬ್ಯಾಶ್‌ಆರ್‌ಸಿ ಕಡತದಲ್ಲಿ ಅದನ್ನು ತಿದ್ದಬೇಕು. ತಿದ್ದುವ ಮುನ್ನ ಕಡತದ ಪ್ರತಿಯೊಂದನ್ನು ತೆಗೆದಿಡುವುದು ಕ್ಷೇಮ. ಬಣ್ಣದ ಸಂಕೇತದ ಎರಡೂ ಬದಿಗೆ ಬ್ಯಾಕ್‌ಸ್ಲ್ಯಾಶ್ ಸಹಿತ ಚೌಕಾವರಣ ಹಾಕಲು ಮರೆಯಬಾರದು. ಮರೆತರೆ ಬ್ಯಾಶ್ ಸಾಲಿನ ಉದ್ದವನ್ನು ತಪ್ಪಾಗಿ ಎಣಿಸಿ, ದೀರ್ಘ ಆದೇಶಗಳು ಒಂದರ ಮೇಲೊಂದು ಬೀಳುತ್ತವೆ.

ಈ ತಿದ್ದುಪಡಿಯನ್ನು ಸ್ವಂತ ಲ್ಯಾಪ್‌ಟಾಪಿನಲ್ಲಿ ಮಾಡಿದರೆ ಸಾಲದು, ಆಯಾ ಸರ್ವರಿನಲ್ಲಿಯೇ ಮಾಡಬೇಕು. ಸರ್ವಾಧಿಕಾರವುಳ್ಳ ರೂಟ್ ಖಾತೆಗೂ ಕೆಂಪು ಪ್ರಾಂಪ್ಟ್ ಇಡುವುದು ಒಳಿತು.

ಕೆಂಪು ಮತ್ತು ಹಸಿರಿನ ವ್ಯತ್ಯಾಸ ಗುರುತಿಸಲಾಗದವರು, ವಿಶೇಷವಾಗಿ ಪುರುಷರಲ್ಲಿ, ಇದ್ದಾರೆ. ಆದ್ದರಿಂದ ಬಣ್ಣದೊಂದಿಗೆ ಸರ್ವರಿನ ಹೆಸರೂ ಪ್ರಾಂಪ್ಟ್‌ನಲ್ಲಿ ಸ್ಪಷ್ಟವಾಗಿರಬೇಕು. ಬಣ್ಣವು ಬ್ಯಾಕಪ್‌ಗೆ ಪರ್ಯಾಯವಲ್ಲ. ಆದರೆ ಎಂಟರ್ ಒತ್ತುವ ಮುನ್ನ ಒಂದು ಕ್ಷಣ ಕೈ ತಡೆದರೂ ಅದರ ಕೆಲಸ ಸಾರ್ಥಕ.