ಸಮುದಾಯ ಭವನಕ್ಕೆ ಉತ್ತರ ಯಾವ ಕಡೆ?

ಮುಂಡಗೋಡ, ಹಳಿಯಾಳ, ದಾಂಡೇಲಿ ಕಡೆ ಸಮುದಾಯ ಭವನಗಳಿಗೇನೂ ಬರವಿಲ್ಲ. ಅವುಗಳ ಬಾಗಿಲಿಗೆ ಹಾಕಿದ ಬೀಗಗಳಿಗೂ ಬರವಿಲ್ಲ. ತಗಡಿನ ಮಾಡು, ಸಿಮೆಂಟ್ ಗಿಲಾವಿನ ನಾಲ್ಕು ಗೋಡೆ, ನುಣುಪು ಟೈಲ್ಸಿನ ನೆಲ. ಏಪ್ರಿಲ್ ಮಧ್ಯಾಹ್ನ ಒಳಗೆ ಕಾಲಿಟ್ಟರೆ ರೊಟ್ಟಿ ಹಂಚಿನ ಕೆಳಗೆ ನಿಂತ ಹಾಗೆ. ಜುಲೈನಲ್ಲಿ ಮಳೆ ತಗಡಿಗೆ ಬಡಿದರೆ ಪಕ್ಕದವರ ಮಾತೂ ಕೇಳದು. ಹೀಗಾಗಿ ಮದುವೆ ಮುಗಿದ ಮೇಲೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ಇಂಥ ಕಟ್ಟಡದ ನೆತ್ತಿಗೆ ನಾಲ್ಕು ಸೌರಫಲಕ ಕೂರಿಸಿದ ಮಾತ್ರಕ್ಕೆ ಅದು ಪರಿಸರಸ್ನೇಹಿ ಆಗದು. ಮೊದಲು ನೋಡಬೇಕಾದದ್ದು ಬಿಸಿಲು, ಗಾಳಿ, ಸದ್ದು. ಫಲಕದ ಮಾತು ಆಮೇಲೆ.

ಬಿಸಿಲಿನಿಂದ ಶುರು ಮಾಡೋಣ. ಚಿಗಳ್ಳಿ–ಮುಂಡಗೋಡ ಸೀಮೆ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ನಡುವೆ ಮತ್ತೊಮ್ಮೆ, ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಹಾಗಾಗಿ ಬೇಸಿಗೆಯ ಶಾಖದ ದೊಡ್ಡ ಪಾಲನ್ನು ಹೊರುವುದು ಮಾಡು. ಮಾಡಿನ ಕೆಳಗೆ ಗಾಳಿಯಾಡುವ ಒಂದು ಒಳಮಾಡು, ಮೇಲೆ ಸುಣ್ಣದ ಬಿಳುಪು, ಇವೆರಡರ ಖರ್ಚು ಹೆಚ್ಚಲ್ಲ. ದಕ್ಷಿಣದ ಗೋಡೆಯೂ ಸುಲಭವೇ. ಮಾರ್ಚ್ 21ರ ನಡುಹಗಲು ಸೂರ್ಯ ಇಲ್ಲಿ 75 ಡಿಗ್ರಿ ಎತ್ತರದಲ್ಲಿರುವುದರಿಂದ ನಾಲ್ಕಡಿ ಕಿಟಕಿಗೆ ಒಂದಡಿಗಿಂತ ತುಸು ಹೆಚ್ಚು ಚಾಚಿದ ಸಜ್ಜಾ ನೆರಳು ಕೊಡುತ್ತದೆ. ತಂಟೆ ಇರುವುದು ಪಶ್ಚಿಮದ ಗೋಡೆಯದು. ಸಂಜೆಯ ಬಿಸಿಲು ಸಜ್ಜಾದ ಕೆಳಗಿಂದಲೇ ನುಗ್ಗುತ್ತದೆ. ಆದ್ದರಿಂದ ಭವನ ಪೂರ್ವ–ಪಶ್ಚಿಮವಾಗಿ ಉದ್ದಕ್ಕಿರಬೇಕು, ಪಶ್ಚಿಮದ ತುದಿಗೆ ಉಗ್ರಾಣ, ಮೆಟ್ಟಿಲು, ಶೌಚಾಲಯ ಬರಬೇಕು.

ನಗರದಲ್ಲಿ ನಮಗೆ ಬೇಕಾದ ದಿಕ್ಕಿಗೆ ಸೈಟು ಯಾರು ಕೊಡುತ್ತಾರೆ ಎನ್ನಬಹುದು. ಅದಕ್ಕೆ ಉತ್ತರ ಬೆಂಗಳೂರಿನ ದೊಮ್ಮಲೂರಿನಲ್ಲಿದೆ. ಅಲ್ಲಿನ ಟೆರಿ ಎಂಬ ಶಕ್ತಿ ಸಂಶೋಧನಾ ಸಂಸ್ಥೆಯ ಕಟ್ಟಡಕ್ಕೆ ಸಿಕ್ಕ ಜಾಗದ ದಕ್ಷಿಣಕ್ಕೆ ನಾರುವ ಗಟಾರ, ಗಾಳಿ ಬೀಸುವುದೂ ಆ ಕಡೆಯಿಂದಲೇ. ವಾಸ್ತುಶಿಲ್ಪಿ ಸಂಜಯ್ ಮೊಹೆ ಕಟ್ಟಡದ ಬೆನ್ನನ್ನು ಗಟಾರಕ್ಕೆ ತಿರುಗಿಸಿ, ಕಿಟಕಿಗಳನ್ನೆಲ್ಲ ಉತ್ತರಕ್ಕೆ ತೆರೆದರು. ದಕ್ಷಿಣದ ಗೋಡೆಗೆ ಹೊರಗಿನಿಂದ ಕಪ್ಪು ಕಡಪಾ ಕಲ್ಲಿನ ಹೊದಿಕೆ, ನಡುವೆ ಖಾಲಿ ಜಾಗ. ಬಿಸಿಲಿಗೆ ಕಲ್ಲು ಕಾಯುತ್ತದೆ, ನಡುವಿನ ಗಾಳಿ ಬಿಸಿಯಾಗಿ ಹಗುರಾಗುತ್ತದೆ, ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ. ಅದರ ಜಾಗ ತುಂಬಲು ಉತ್ತರದ ಕಿಟಕಿಗಳಿಂದ ತಂಪು ಗಾಳಿ ಕೋಣೆಗಳನ್ನು ಹಾದು ಬರುತ್ತದೆ. ಬಿಸಿಲು ಹೆಚ್ಚಾದಷ್ಟೂ ಸೆಳೆತ ಹೆಚ್ಚು. ಕೆಟ್ಟ ಸೈಟೇ ಅಲ್ಲಿ ಒಳ್ಳೆಯ ವಿನ್ಯಾಸಕ್ಕೆ ಕಾರಣವಾಯಿತು.

ಸಭಾಂಗಣಕ್ಕೆ ಇನ್ನೊಂದು ಶಾಖವೂ ಇದೆ, ಜನರದ್ದೇ. ಸುಮ್ಮನೆ ಕೂತ ಮನುಷ್ಯ ಸುಮಾರು 100 ವಾಟ್ ಶಾಖ ಹೊರಸೂಸುತ್ತಾನೆ. 300 ಜನ ಕೂತರೆ 30 ಕಿಲೋವಾಟ್, ಅಂದರೆ ಒಂದೊಂದು ಕಿಲೋವಾಟಿನ 30 ಹೀಟರ್ ಹಚ್ಚಿಟ್ಟ ಲೆಕ್ಕ. ಫ್ಯಾನು ಅದೇ ಗಾಳಿಯನ್ನು ಸುತ್ತಿಸುತ್ತದೆಯೇ ವಿನಾ ಶಾಖವನ್ನು ಹೊರಗೆ ಹಾಕದು. ನೆಲದ ಹತ್ತಿರ ಒಳಬರುವ ಕಿಂಡಿ, ಮಾಡಿನ ಅಡಿಯಲ್ಲಿ ಹೊರಹೋಗುವ ಕಿಂಡಿ ಎರಡೂ ಬೇಕು.

ಇನ್ನು ಸದ್ದು. ನಮ್ಮ ಎಂಜಿನಿಯರುಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ತಕರಾರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಸಭಾಂಗಣದಲ್ಲಿ ಮಾತೇ ತಿಳಿಯದಷ್ಟು ಮಾರ್ದನಿ ಇತ್ತು. ವ್ಯಾಲೇಸ್ ಸೇಬಿನ್ ಎಂಬ ಯುವ ಭೌತವಿಜ್ಞಾನಿ ಹತ್ತಿರದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದೇ ಇಡುತ್ತ, ಸದ್ದು ಎಷ್ಟು ಹೊತ್ತಿಗೆ ಅಡಗುತ್ತದೆ ಎಂದು ಅಳೆದ. ಅದರಿಂದ ಹುಟ್ಟಿದ ಸೂತ್ರ ಸರಳ: ಸಭಾಂಗಣದ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಮೇಲ್ಮೈಯಿಂದ ಭಾಗಿಸಿದರೆ ಮಾರ್ದನಿಯ ಸೆಕೆಂಡು ಸಿಗುತ್ತದೆ. 20 ಮೀಟರ್ ಉದ್ದ, 12 ಅಗಲ, 6 ಎತ್ತರದ ಭವನಕ್ಕೆ ಇದನ್ನು ಹಚ್ಚಿ ನೋಡಿ. ಗಿಲಾವು, ಟೈಲ್ಸು ಶೇ 3ರಷ್ಟು ಸದ್ದನ್ನು ಮಾತ್ರ ಹೀರುತ್ತವೆ ಎಂದುಕೊಂಡರೆ ಖಾಲಿ ಭವನದಲ್ಲಿ ಮಾರ್ದನಿ 9 ಸೆಕೆಂಡು. 300 ಜನ ತುಂಬಿದರೆ ಬಟ್ಟೆ, ಮೈ ಸದ್ದು ಹೀರಿ ಒಂದೂವರೆ ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ. ವಾರ್ಡ್ ಸಭೆಗೆ ಬರುವುದು 40 ಜನ; ಆಗ ಐದು ಸೆಕೆಂಡು ದಾಟುತ್ತದೆ. ಮಾತು ಸ್ಪಷ್ಟವಾಗಲು ಬೇಕಾದದ್ದು ಸುಮಾರು ಒಂದು ಸೆಕೆಂಡು. ಮೈಕಿನ ಸದ್ದು ಏರಿಸಿದರೆ ಮಾರ್ದನಿಯೂ ಜೊತೆಗೇ ಏರುತ್ತದೆ. ಗೋಡೆಯ ಮೇಲ್ಭಾಗಕ್ಕೆ ಬಿದಿರ ತಟ್ಟಿ ಹೊಡೆದು ಅದರ ಹಿಂದೆ ತೆಂಗಿನ ನಾರು ತುಂಬಿದರೆ ಕಿವಿಗೆ ನಿಜವಾದ ಸಹಾಯ. ಬಿದಿರು ನಮ್ಮಲ್ಲೇ ಬೆಳೆಯುತ್ತದೆ.

ಗೋಡೆಗೆ ಏನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ ‘ಅಸ್ತ್ರ’ ಕೇಂದ್ರ, ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕನ್ನು ಬೆಳಕಿಗೆ ತಂದಿತು. ಬಿ.ವಿ. ವೆಂಕಟರಾಮ ರೆಡ್ಡಿ, ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ 2,141 ಮೆಗಾಜೂಲ್ ಶಕ್ತಿ ಖರ್ಚಾದರೆ, ಈ ಬ್ಲಾಕಿನ ಗೋಡೆಗೆ 646ರಿಂದ 810. ಕರಿಮಣ್ಣು ಒಣಗಿದರೆ ಬಿರಿಯುತ್ತದೆ, ಅದು ಬೇಡ. ಕೆಮ್ಮಣ್ಣಿಗೆ ಉಸುಕು ಬೆರೆಸಬೇಕು. ಮಾಡಿನ ಮಳೆನೀರು ಹಿಡಿದಿಡುವ ಲೆಕ್ಕ ಇನ್ನೂ ಸುಲಭ. 240 ಚದರ ಮೀಟರ್ ಮಾಡಿನ ಮೇಲೆ 1,000 ಮಿಲಿಮೀಟರ್ ಮಳೆ ಬಿದ್ದರೆ 2,40,000 ಲೀಟರ್.

ಇಷ್ಟೆಲ್ಲ ಮಾಡಿ ಬೀಗ ಹಾಕಿದರೆ ವ್ಯರ್ಥ. 2004ರಲ್ಲಿ ತೆರೆದ ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ನಾಟಕದ ಜೊತೆ ಪುಸ್ತಕದಂಗಡಿ, ತಿಂಡಿಯ ಜಾಗವೂ ಇದೆ. ಜನ ನಾಟಕವಿಲ್ಲದ ಹೊತ್ತಿಗೂ ಬರುತ್ತಾರೆ. ನಮ್ಮಲ್ಲಿ ಬೆಳಿಗ್ಗೆ ಅಂಗನವಾಡಿ, ಮಧ್ಯಾಹ್ನ ಸ್ವಸಹಾಯ ಸಂಘ, ಸಂಜೆ ವಾಚನಾಲಯ ಒಂದೇ ಸೂರಿನಡಿ ನಡೆಯಬಾರದೇಕೆ? 2019ರ ಆಗಸ್ಟಿನಲ್ಲಿ ಚಿಗಳ್ಳಿ ಜಲಾಶಯದ ಒಡ್ಡು ಒಡೆದದ್ದನ್ನು ಈ ಭಾಗದವರು ಮರೆತಿಲ್ಲ. ನೆರೆ ಬಂದಾಗ ಕಾಳಜಿ ಕೇಂದ್ರ ತೆರೆಯುವುದು ಇಂಥ ಭವನಗಳಲ್ಲೇ. ಹಾಗಾಗಿ ತಳಪಾಯ ಎತ್ತರದಲ್ಲಿರಲಿ, ಹೆಂಗಸರ ಶೌಚಾಲಯ ಹೆಚ್ಚಿರಲಿ, ಅಡುಗೆಮನೆಗೆ ಪ್ರತ್ಯೇಕ ಬಾಗಿಲಿರಲಿ.

ದಾಂಡೇಲಿ ನಗರಸಭೆಯಲ್ಲೋ ಹಳಿಯಾಳ ಪುರಸಭೆಯಲ್ಲೋ ಮುಂದಿನ ಭವನದ ಎಸ್ಟಿಮೇಟ್ ಮಂಜೂರಾಗುವ ಮುನ್ನ ನಕ್ಷೆ ತರಿಸಿ ನೋಡಿ. ಅದರಲ್ಲಿ ಉತ್ತರದ ಬಾಣದ ಗುರುತು ಇಲ್ಲದಿದ್ದರೆ ಒಪ್ಪಿಗೆ ಕೊಡಬೇಡಿ.