ಸ್ಕ್ಯಾನ್ ಹೇಳಿದ್ದೊಂದು, ಪಾರ್ಸೆಲ್ ಹೋದದ್ದೊಂದು

ಇಳಕಲ್ಲಿನಿಂದ ಒಂದು ಸೀರೆ ಶಿರಸಿಗೆ ಹೊರಟಿದೆ ಎಂದುಕೊಳ್ಳಿ. ಮಾರಾಟ ಆದದ್ದು ಆನ್‌ಲೈನ್‌ನಲ್ಲಿ. ಎರಡನೇ ದಿನ ಮೊಬೈಲಿನಲ್ಲಿ ಒಂದು ಸಾಲು ಕಾಣಿಸುತ್ತದೆ: ‘ಹುಬ್ಬಳ್ಳಿ ಹಬ್ ತಲುಪಿದೆ’. ಮಾರಿದವರು ಅದನ್ನು ನೋಡುತ್ತಾರೆ, ಕೊಂಡವರೂ ನೋಡುತ್ತಾರೆ, ಇಬ್ಬರ ನಡುವೆ ನಿಂತಿರುವ ಆನ್‌ಲೈನ್ ಮಾರುಕಟ್ಟೆಯ ಕಂಪ್ಯೂಟರೂ ನೋಡುತ್ತದೆ. ಸೀರೆ ಹುಬ್ಬಳ್ಳಿಯಲ್ಲಿದೆ ಎಂದು ಮೂವರಿಗೂ ಖಾತ್ರಿ. ಆದರೆ ಆ ಸಾಲು ಹೇಳುತ್ತಿರುವುದು ಅಷ್ಟನ್ನಲ್ಲ. ಸೀರೆಯ ಪೊಟ್ಟಣದ ಮೇಲಿನ ನಂಬರನ್ನೋ, ಆ ಪೊಟ್ಟಣ ಇರಬೇಕಾಗಿದ್ದ ಚೀಲದ ನಂಬರನ್ನೋ ಹುಬ್ಬಳ್ಳಿಯಲ್ಲಿ ಒಂದು ಯಂತ್ರ ಓದಿದೆ. ಪರದೆಗೆ ಗೊತ್ತಿರುವುದು ಇಷ್ಟೇ.

ಪಾರ್ಸೆಲ್‌ಗೆ ಕಣ್ಣಿಲ್ಲ, ಬಾಯಿಲ್ಲ. ಸಾಮಾನ್ಯ ಪಾರ್ಸೆಲ್ ಒಳಗೆ ಜಿಪಿಎಸ್ ಕೂಡ ಇರುವುದಿಲ್ಲ. ದಾರಿಯುದ್ದಕ್ಕೂ ಬೇರೆ ಬೇರೆ ಜನ ಅದರ ನಂಬರನ್ನು ಓದಿಸುತ್ತಾ ಹೋಗುತ್ತಾರೆ. ಟ್ರ್ಯಾಕಿಂಗ್ ಎಂಬುದು ಅವರೆಲ್ಲರ ಹೇಳಿಕೆಗಳ ಸರಮಾಲೆ. ಒಬ್ಬರು ಓದಿಸಲು ಮರೆತರೆ ಒಂದು ಮಣಿ ಜಾರಿತು. ಓದಿಸಬಾರದ್ದನ್ನು ಓದಿಸಿದರೆ ಸುಳ್ಳು ಮಣಿಯೊಂದು ಸೇರಿತು.

ಈ ವ್ಯವಸ್ಥೆ ಬೆಳೆದ ಬಗೆಯಲ್ಲೇ ಅದರ ತೊಡಕೂ ಇದೆ. ಬಾರ್‌ಕೋಡಿಗೆ ಅಮೆರಿಕದ ವುಡ್‌ಲ್ಯಾಂಡ್ ಮತ್ತು ಸಿಲ್ವರ್ ಪೇಟೆಂಟ್ ಪಡೆದದ್ದು 1952ರಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಅದು ಬಂದದ್ದು 1974ರ ಜೂನ್ 26ರಂದು, ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲೆ. ಫೆಡ್‌ಎಕ್ಸ್ ಕಂಪನಿ ತನ್ನ ಕೊರಿಯರ್ ನೌಕರರ ಕೈಗೆ ಸ್ಕ್ಯಾನರ್ ಕೊಟ್ಟದ್ದು 1986ರಲ್ಲಿ. ನಮ್ಮ ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್ ಶುರುವಾದದ್ದೂ ಅದೇ ವರ್ಷದ ಆಗಸ್ಟ್ 1ರಂದು. ಆಗ ಸ್ಕ್ಯಾನ್ ಮಾಡುತ್ತಿದ್ದುದು ಹೆಚ್ಚಾಗಿ ಕಂಪನಿಯ ಒಳಗಿನ ಕೆಲಸಕ್ಕೆ: ಯಾವ ಗೋದಾಮಿನಲ್ಲಿ ಎಷ್ಟು ಸರಕು ಬಿದ್ದಿದೆ, ಲಾರಿ ಎಷ್ಟು ಬೇಕು ಎಂಬ ಲೆಕ್ಕಕ್ಕೆ. 1994ರಲ್ಲಿ ಫೆಡ್‌ಎಕ್ಸ್ ಆ ಲೆಕ್ಕವನ್ನು ಅಂತರಜಾಲದಲ್ಲಿ ಗಿರಾಕಿಗಳಿಗೂ ತೋರಿಸಿತು. ಆಮೇಲೆ ಆನ್‌ಲೈನ್ ಮಾರುಕಟ್ಟೆಗಳು ಬಂದವು. ಯಾರ ದುಡ್ಡು ಯಾರಿಗೆ, ಯಾವಾಗ, ಯಾರಿಗೆ ದಂಡ ಎಂಬುದನ್ನು ಅದೇ ಲೆಕ್ಕ ನೋಡಿ ತೀರ್ಮಾನಿಸತೊಡಗಿದವು. ಗೋದಾಮಿನ ಕಚ್ಚಾ ಟಿಪ್ಪಣಿ ಹೀಗೆ ಸಾಕ್ಷಿಯಾಯಿತು. ಮಾರಾಟಗಾರರ ಮುಕ್ಕಾಲು ಪಾಲು ಪಾಡು ಇಲ್ಲಿಂದ ಹುಟ್ಟುತ್ತದೆ ಎಂಬುದು ನನ್ನ ಎಣಿಕೆ.

ಹಾಗೆಂದು ನಂಬರನ್ನು ಮಾಡಿದವರು ದಡ್ಡರಲ್ಲ. ಅಂಚೆಯ ಅಂತರರಾಷ್ಟ್ರೀಯ ನಂಬರನ್ನೇ ನೋಡಿ. 1874ರಲ್ಲಿ ಹುಟ್ಟಿದ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿರುವ ವಿಶ್ವ ಅಂಚೆ ಒಕ್ಕೂಟ ಗೊತ್ತುಮಾಡಿದ ಮಾದರಿ ಅದು. ಒಟ್ಟು 13 ಸ್ಥಾನ. ಮೊದಲೆರಡು ಅಕ್ಷರ ಸೇವೆಯ ಬಗೆ: ‘ಇ’ ಇಂದ ಶುರುವಾದರೆ ಸ್ಪೀಡ್ ಪೋಸ್ಟ್, ‘ಆರ್’ ಇಂದಾದರೆ ರಿಜಿಸ್ಟರ್ಡ್, ‘ಸಿ’ ಇಂದಾದರೆ ಪಾರ್ಸೆಲ್. ಕೊನೆಯೆರಡು ಅಕ್ಷರ ದೇಶ, ನಮ್ಮದು ‘ಐಎನ್’. ನಡುವಿನ ಒಂಬತ್ತು ಅಂಕಿಗಳಲ್ಲಿ ಎಂಟು ಮಾತ್ರ ನಿಜವಾದ ಕ್ರಮಸಂಖ್ಯೆ. ಒಂಬತ್ತನೆಯದು ಕಾವಲಿನ ಅಂಕಿ.

ಕಾವಲು ಹೇಗೆ? ಎಂಟು ಅಂಕಿಗಳನ್ನು ಅನುಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಬೇಕು. ಮೊತ್ತವನ್ನು 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಲ್ಲಿ ಕಳೆಯಬೇಕು. ಕ್ರಮಸಂಖ್ಯೆ 12345678 ಆದರೆ ಮೊತ್ತ 204, ಶೇಷ 6, ಕಾವಲಿನ ಅಂಕಿ 5. ಆಗ ಪೂರ್ತಿ ನಂಬರ್ 123456785. ಟೈಪ್ ಮಾಡುವಾಗ ಕೈತಪ್ಪಿ 7ನ್ನೂ 8ನ್ನೂ ಅದಲು ಬದಲು ಮಾಡಿದರೆ ಮೊತ್ತ 206 ಆಗುತ್ತದೆ, ಕಾವಲಿನ ಅಂಕಿ 3 ಇರಬೇಕಾಗುತ್ತದೆ, ಅಲ್ಲಿರುವುದು 5. ಕಂಪ್ಯೂಟರ್ ತಕ್ಷಣ ಒಲ್ಲೆ ಎನ್ನುತ್ತದೆ. ಕಾಗದ ಪೆನ್ನು ಹಿಡಿದು ನಿಮ್ಮ ಮನೆಗೆ ಬಂದ ಸ್ಪೀಡ್ ಪೋಸ್ಟ್ ನಂಬರಿನ ಮೇಲೆ ಇದನ್ನು ಮಾಡಿ ನೋಡಬಹುದು. ಒಂದು ಸಣ್ಣ ತೂತೂ ಇದೆ. ಶೇಷ 1 ಬಂದರೆ ಉತ್ತರ 10 ಆಗುತ್ತದೆ, ಒಂದೇ ಸ್ಥಾನದಲ್ಲಿ ಕೂರುವುದಿಲ್ಲ. ಹಾಗಾಗಿ ಅಲ್ಲಿ 0 ಬರೆಯುತ್ತಾರೆ. ಶೇಷ 0 ಬಂದರೆ 5 ಬರೆಯುತ್ತಾರೆ. ಶೇಷ 6 ಬಂದರೂ 5, 0 ಬಂದರೂ 5 ಆದ್ದರಿಂದ ಅಪರೂಪಕ್ಕೆ ಒಂದು ತಪ್ಪು ನುಸುಳಬಹುದು.

ಆದರೆ ಈ ಕಾವಲುಗಾರ ನೋಡುವುದು ಅಂಕಿಯನ್ನು, ಪೊಟ್ಟಣದೊಳಗಿನ ಸಾಮಾನನ್ನಲ್ಲ. ಮೇಜಿನ ಮೇಲೆ ಎರಡು ಪೊಟ್ಟಣ, ಎರಡು ಲೇಬಲ್. ಗಡಿಬಿಡಿಯಲ್ಲಿ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಅಂಟಿತು. ಎರಡೂ ನಂಬರ್ ಸಾಚಾ. ಎರಡೂ ಪಾರ್ಸೆಲ್ ದಾರಿಯುದ್ದಕ್ಕೂ ಸರಿಯಾಗಿ ಸ್ಕ್ಯಾನ್ ಆಗಿ, ಸರಿಯಾದ ವಿಳಾಸಕ್ಕೆ, ಸರಿಯಾದ ದಿನ ತಲುಪುತ್ತವೆ. ಕೆಂಪು ಸೀರೆ ಕೇಳಿದವರಿಗೆ ಹಸಿರು, ಹಸಿರು ಕೇಳಿದವರಿಗೆ ಕೆಂಪು. ಟ್ರ್ಯಾಕಿಂಗ್ ದಾಖಲೆಯಲ್ಲಿ ಹುಡುಕಿದರೂ ತಪ್ಪು ಸಿಗದು.

ಇನ್ನು ಚೀಲದ ಕಥೆ. ಟ್ರ್ಯಾಕಿಂಗ್‌ನ ದೊಡ್ಡ ತಪ್ಪುಗಳು ಹುಟ್ಟುವ ಜಾಗ ಇದೇ, ಗಿರಾಕಿಗೆ ಇದು ಕಾಣುವುದೇ ಇಲ್ಲ. ಹಬ್‌ಗೆ ರಾತ್ರಿ ಬಂದ ಒಂದೊಂದು ಪೊಟ್ಟಣವನ್ನೂ ಪ್ರತಿ ನಿಲ್ದಾಣದಲ್ಲಿ ಓದಿಸುತ್ತಾ ಕೂತರೆ ಲಾರಿ ಹೊರಡುವುದಿಲ್ಲ. ಹಾಗಾಗಿ ಒಂದೇ ದಿಕ್ಕಿಗೆ ಹೋಗುವ ಪೊಟ್ಟಣಗಳನ್ನು ಒಮ್ಮೆ ಸ್ಕ್ಯಾನ್ ಮಾಡಿ ಚೀಲಕ್ಕೆ ಹಾಕುತ್ತಾರೆ, ಬಾಯಿ ಬಿಗಿದು ಚೀಲಕ್ಕೇ ಒಂದು ನಂಬರ್ ಕೊಡುತ್ತಾರೆ. ಅಲ್ಲಿಂದ ಮುಂದೆ ಓದಿಸುವುದು ಚೀಲವನ್ನು. ಚೀಲ ಹುಬ್ಬಳ್ಳಿಯಲ್ಲಿ ಇಳಿಯಿತು ಎಂದರೆ ಒಳಗಿರುವ ಎಲ್ಲ ಪೊಟ್ಟಣಗಳ ಖಾತೆಗೂ ಕಂಪ್ಯೂಟರ್ ‘ಹುಬ್ಬಳ್ಳಿ’ ಎಂದು ಬರೆದುಕೊಳ್ಳುತ್ತದೆ. ಸ್ಕ್ಯಾನ್ ಮಾಡಿದ ಕೈ ಒಂದು ಚೀಲದ ಲೆಕ್ಕಕ್ಕೆ ಸೇರಿಸಿ, ಎಸೆಯುವ ಕೈ ಪಕ್ಕದ ಬಳ್ಳಾರಿ ಚೀಲಕ್ಕೆ ಎಸೆದರೆ? ಸೀರೆ ಬಳ್ಳಾರಿಗೆ ಹೋಗುತ್ತದೆ, ಅದರ ಖಾತೆ ಹುಬ್ಬಳ್ಳಿಗೆ. ಬಳ್ಳಾರಿಯಲ್ಲಿ ಚೀಲ ಬಿಚ್ಚಿ ಒಂದೊಂದಾಗಿ ಓದಿಸಿದಾಗಲೇ ಗುಟ್ಟು ರಟ್ಟಾಗುವುದು. ‘ಹುಬ್ಬಳ್ಳಿ, ಬಳ್ಳಾರಿ, ಮತ್ತೆ ಹುಬ್ಬಳ್ಳಿ’ ಎಂದು ಪಾರ್ಸೆಲ್ ಓಲಾಡಿದಂತೆ ಪರದೆಯಲ್ಲಿ ಕಂಡರೆ, ಮೊದಲ ಹುಬ್ಬಳ್ಳಿಗೆ ಅದು ಹೋಗಿಯೇ ಇರಲಿಲ್ಲ ಎಂದು ಅನುಮಾನಿಸಬಹುದು.

ಪರದೇಶಕ್ಕೆ ಹೋಗುವ ಅಂಚೆಯಲ್ಲಿ ಈ ಕುರುಡು ದಾರಿ ಇನ್ನೂ ಉದ್ದ. ಚನ್ನಪಟ್ಟಣದ ಬೊಂಬೆಯೊಂದು ಅಂಚೆಯಲ್ಲಿ ಜರ್ಮನಿಗೆ ಹೊರಟರೆ, ಇಲ್ಲಿನ ವಿನಿಮಯ ಕಚೇರಿಯಿಂದ ಹೊರಟಾಗ ‘ಇಎಂಸಿ’ ಎಂಬ ಸಂಕೇತ ದಾಖಲಾಗುತ್ತದೆ, ಅಲ್ಲಿನ ವಿನಿಮಯ ಕಚೇರಿ ತಲುಪಿದಾಗ ‘ಇಎಂಡಿ’. ಎರಡರ ನಡುವೆ ವಿಮಾನ ನಿಲ್ದಾಣದ ಸಾಲು, ಬದಲಾಗುವ ವಿಮಾನ, ಬಿಚ್ಚದೆ ಬಿದ್ದಿರುವ ಚೀಲ ಎಲ್ಲವೂ ಇರಬಹುದು. ‘ದೇಶ ಬಿಟ್ಟಿದೆ’ ಎಂಬ ಸಾಲು ಕಂಡ ದಿನ ಬೊಂಬೆ ಇನ್ನೂ ಬೆಂಗಳೂರಿನ ನೆಲದ ಮೇಲೇ ಇದ್ದರೆ ಆಶ್ಚರ್ಯವಿಲ್ಲ. ಕೊಂಡವರಿಗೆ ಮಾತ್ರ ವಾರಗಟ್ಟಲೆ ಅದೇ ಸಾಲು ಕಾಣುತ್ತದೆ, ಮಾರಿದವರಿಗೆ ‘ಸಾಮಾನು ಬಂದಿಲ್ಲ’ ಎಂಬ ದೂರು.

ಸಮಯದ ತಪ್ಪೂ ಉಂಟು. ಮಲೆನಾಡಿನ ಎಷ್ಟೋ ಕಡೆ ಮೊಬೈಲ್‌ಗೆ ಸಿಗ್ನಲ್ ಇಲ್ಲ. ಹಂಚುವವರ ಯಂತ್ರ ಆ ದಿನದ ಸ್ಕ್ಯಾನ್‌ಗಳನ್ನು ತನ್ನಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸುತ್ತದೆ. ವ್ಯವಸ್ಥೆ ಸ್ಕ್ಯಾನ್ ಆದ ಹೊತ್ತಿನ ಬದಲು ಕಳಿಸಿದ ಹೊತ್ತನ್ನು ಬರೆದುಕೊಂಡರೆ, ಮಧ್ಯಾಹ್ನ ಕೊಟ್ಟ ಪಾರ್ಸೆಲ್ ರಾತ್ರಿ ಹನ್ನೊಂದಕ್ಕೆ ಕೊಟ್ಟಂತೆ ಕಾಣುತ್ತದೆ.

ಮಾರಾಟಗಾರರ ಹೊಟ್ಟೆಯ ಮೇಲೆ ಹೊಡೆಯುವ ತಪ್ಪುಗಳು ಮುಖ್ಯವಾಗಿ ದಾರಿಯ ಎರಡು ತುದಿಗಳಲ್ಲಿ ಇರುತ್ತವೆ. ಮೊದಲ ತುದಿ ಪಿಕಪ್. ಪಿಕಪ್ ಹುಡುಗ ಇಪ್ಪತ್ತು ಪಾರ್ಸೆಲ್ ಎತ್ತಿಕೊಂಡು, ‘ಹಬ್‌ನಲ್ಲಿ ಸ್ಕ್ಯಾನ್ ಮಾಡ್ತೀನಿ ಸರ್’ ಎಂದು ಬೈಕ್ ಹತ್ತುತ್ತಾನೆ. ಅಲ್ಲಿ ಅದು ಆಗುವುದು ಮರುದಿನ. ಅಷ್ಟರವರೆಗೆ ಪರದೆಯಲ್ಲಿರುವುದು ‘ಲೇಬಲ್ ತಯಾರಾಗಿದೆ’ ಎಂಬ ಸಾಲು. ಅಮೆರಿಕದಲ್ಲಿ ಇನ್ನೊಂದು ಏರ್ಪಾಟಿದೆ: ದಿನದ ಎಲ್ಲ ಪಾರ್ಸೆಲ್‌ಗಳಿಗೂ ಸೇರಿ ಒಂದೇ ಬಾರ್‌ಕೋಡ್ ಇರುವ ಹಾಳೆಯನ್ನು ಮಾರಾಟಗಾರರು ಅಂಚೆಯವರಿಗೆ ಕೊಡುತ್ತಾರೆ. ಅದನ್ನೊಂದು ಓದಿಸಿದರೆ ಎಲ್ಲವೂ ಸ್ವೀಕೃತ. ಓದಿಸಲು ಮರೆತರೆ ಎಲ್ಲವೂ ಇನ್ನೂ ಹೊರಟಿಲ್ಲದ ಲೆಕ್ಕ. ಇಬೇಯಂಥ ಮಾರುಕಟ್ಟೆ, ಮಾರಾಟಗಾರರು ಹೊತ್ತಿಗೆ ಕಳಿಸಿದರೋ ಇಲ್ಲವೋ ಎಂಬುದಕ್ಕೆ ಸಾಗಣೆದಾರರ ಮೊದಲ ಸ್ಕ್ಯಾನನ್ನು ಆಧಾರ ಮಾಡಿಕೊಳ್ಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸ್ಕ್ಯಾನ್ ಮಾಡದವನು ಒಬ್ಬ, ಅಂಕ ಕಳೆದುಕೊಳ್ಳುವವರು ಇನ್ನೊಬ್ಬರು. ಅಂಕ ಕುಸಿದರೆ ಅವರ ಸರಕು ಹುಡುಕಾಟದಲ್ಲಿ ಹಿಂದಕ್ಕೆ ಸರಿಯುತ್ತದೆ. ಎಂದೋ ಆದ ಸ್ಕ್ಯಾನ್ ತಪ್ಪಿಗೆ ಮುಂದಿನ ತಿಂಗಳ ವ್ಯಾಪಾರ ದಂಡ ತೆರುತ್ತದೆ.

ಇನ್ನೊಂದು ತುದಿ ಗಿರಾಕಿಯ ಬಾಗಿಲು. ಇಲ್ಲಿ ತಪ್ಪು ಎರಡು ಬಗೆ. ಕೊಡದೆ ‘ಡೆಲಿವರ್ಡ್’ ಒತ್ತುವುದು ಒಂದು. ಹಂಚುವವರ ತಲೆಯ ಮೇಲೆ ದಿನದ ಗುರಿ ಇದ್ದರೆ, ಬೀದಿ ತುದಿಯಲ್ಲೇ ಹತ್ತಾರು ಪಾರ್ಸೆಲ್‌ಗಳನ್ನು ಮುಂಗಡವಾಗಿ ಒತ್ತಿ ಆಮೇಲೆ ಕೊಡುವ ಅಭ್ಯಾಸ ಬೆಳೆಯುತ್ತದೆ. ಅಮೆರಿಕದ ಅಂಚೆಯ ಮೇಲೂ ಈ ದೂರು ಹಳೆಯದು. ಇನ್ನೊಂದು ಬಗೆ ಹೋಗದೆ ‘ಗಿರಾಕಿ ಸಿಗಲಿಲ್ಲ’, ‘ಬಾಗಿಲು ಹಾಕಿತ್ತು’ ಎಂದು ಬರೆಯುವುದು. ಫ್ಲಿಪ್‌ಕಾರ್ಟ್ 2010ರಲ್ಲಿ ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡುವ ಪದ್ಧತಿ ತಂದ ಮೇಲೆ ನಮ್ಮಲ್ಲಿ ಆನ್‌ಲೈನ್ ವ್ಯಾಪಾರ ಹಳ್ಳಿಗೂ ಹಬ್ಬಿತು, ಅದರ ಜೊತೆಗೆ ‘ಆರ್‌ಟಿಓ’ ಎಂಬ ಪಿಡುಗೂ ಹಬ್ಬಿತು. ಕೊಡಲಾಗದ ಪಾರ್ಸೆಲ್ ಹೊರಟ ಊರಿಗೇ ವಾಪಸು. ತಾವೇ ಕೊರಿಯರ್ ಗೊತ್ತುಮಾಡಿಕೊಂಡು ಕಳಿಸುವ ಸಣ್ಣ ಮಾರಾಟಗಾರರು ಸಾಮಾನ್ಯವಾಗಿ ಹೋದ ಬಾಡಿಗೆಯನ್ನೂ ಬಂದ ಬಾಡಿಗೆಯನ್ನೂ ತಾವೇ ಹೊರಬೇಕು. ಗಿರಾಕಿ ಇಡೀ ದಿನ ಮನೆಯಲ್ಲೇ ಕಾದಿದ್ದರೂ ಅಷ್ಟೇ. ಹಂಚುವ ಹುಡುಗರನ್ನು ಬೈಯುವುದು ಸುಲಭ. ಪಾರ್ಸೆಲ್ ಲೆಕ್ಕದಲ್ಲಿ ಕೂಲಿ ಪಡೆದು, ಪೆಟ್ರೋಲನ್ನೂ ತಾವೇ ಹಾಕಿಕೊಂಡು ಓಡುವವರಿಂದ ನಿಖರ ದಾಖಲೆ ಬಯಸುವ ಏರ್ಪಾಟನ್ನೇ ಮೊದಲು ಪ್ರಶ್ನಿಸಬೇಕು.

ವಿಳಾಸವೂ ಕೈಕೊಡುತ್ತದೆ. 1972ರ ಆಗಸ್ಟ್ 15ರಂದು ಶ್ರೀರಾಮ ಭಿಕಾಜಿ ವೇಲಣಕರರು ರೂಪಿಸಿದ ಪಿನ್‌ಕೋಡ್ ಜಾರಿಗೆ ಬಂದಾಗ ಅದರ ಉದ್ದೇಶ ಒಂದೇ ಹೆಸರಿನ ಊರುಗಳ ಗೊಂದಲ ನೀಗಿಸುವುದಾಗಿತ್ತು. ಹೊಸಹಳ್ಳಿ, ರಾಮಪುರ ಎಂಬ ಊರು ಕರ್ನಾಟಕದಲ್ಲೇ ಎಷ್ಟಿವೆಯೋ! ಆದರೆ ಪಿನ್‌ಕೋಡ್ ತೋರಿಸುವುದು ಬಟವಾಡೆ ಅಂಚೆ ಕಚೇರಿಯನ್ನು, ಮನೆಯನ್ನಲ್ಲ. ಮೋಸಗಾರರು ಹಿಡಿದದ್ದು ಇದೇ ಸಂದನ್ನು. ಪಾಶ್ಚಾತ್ಯ ಮಾರುಕಟ್ಟೆಗಳಲ್ಲಿ ಚೆನ್ನಾಗಿ ಗೊತ್ತಿರುವ ವಂಚನೆ ಹೀಗಿದೆ: ಕೊಂಡವನು ಸಾಮಾನು ವಾಪಸು ಮಾಡುತ್ತೇನೆ ಎಂದು ಲೇಬಲ್ ಪಡೆಯುತ್ತಾನೆ. ಅದರ ಬಾರ್‌ಕೋಡನ್ನು ಹಾಗೇ ಉಳಿಸಿ, ವಿಳಾಸ ತಿದ್ದಿ, ಖಾಲಿ ಲಕೋಟೆಗೆ ಅಂಟಿಸಿ ಅದೇ ಪಿನ್‌ಕೋಡಿನ ಬೇರಾವುದೋ ಮನೆಗೆ ಹೋಗುವಂತೆ ಮಾಡುತ್ತಾನೆ. ಟ್ರ್ಯಾಕಿಂಗ್ ಊರನ್ನೂ ಕೋಡನ್ನೂ ತೋರಿಸಿ ‘ಡೆಲಿವರ್ಡ್’ ಎನ್ನುತ್ತದೆ. ಕಂಪ್ಯೂಟರ್ ತಾನಾಗಿಯೇ ದುಡ್ಡು ಮರಳಿಸುತ್ತದೆ. ಮಾರಿದವರಿಗೆ ಸಾಮಾನೂ ಇಲ್ಲ, ದುಡ್ಡೂ ಇಲ್ಲ.

ಓಟಿಪಿ ಬಂದ ಮೇಲೆ ಸುಳ್ಳು ‘ಡೆಲಿವರ್ಡ್’ ತಗ್ಗೀತು ಎಂಬ ಆಸೆಯಿದೆ. ಅಂಚೆ ಇಲಾಖೆ ತಾನೇ ಸಿದ್ಧಪಡಿಸಿಕೊಂಡ ಹೊಸ ತಂತ್ರಾಂಶದಲ್ಲಿ ಓಟಿಪಿ ಆಧಾರದ ಬಟವಾಡೆಯಿದೆ, ‘ಡಿಜಿಪಿನ್’ ಎಂಬ ಹತ್ತು ಸ್ಥಾನಗಳ ವಿಳಾಸ ಸಂಕೇತಕ್ಕೂ ಜಾಗವಿದೆ. ಆ ತಂತ್ರಾಂಶವನ್ನು ಮೊದಲು ಪ್ರಯೋಗಿಸಿದ್ದು ಕರ್ನಾಟಕ ಅಂಚೆ ವೃತ್ತದಲ್ಲಿ, 2025ರ ಮೇ–ಜೂನ್ ತಿಂಗಳಲ್ಲಿ. ಡಿಜಿಪಿನ್ ದೇಶದ ನೆಲವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಭಾಗಿಸುತ್ತದೆ. ಆದರೆ ‘ಓಟಿಪಿ ಹೇಳಿ, ಸಂಜೆ ತಂದು ಕೊಡ್ತೀನಿ’ ಎಂದು ಫೋನಿನಲ್ಲಿ ಕೇಳಿದಾಗ ಹೇಳಿಬಿಡುವ ಗಿರಾಕಿಗಳು ಇರುವವರೆಗೆ ಓಟಿಪಿಯೂ ಇನ್ನೊಂದು ಹೇಳಿಕೆ ಮಾತ್ರ.

ಮಾರಾಟಗಾರರ ಕೈಯಲ್ಲೂ ಕೆಲವು ಸಂಗತಿಗಳಿವೆ. ಬಾರ್‌ಕೋಡಿನ ಎಡಬಲ ಖಾಲಿ ಜಾಗ ಬೇಕು. ಅತಿ ತೆಳು ಗೆರೆಯ ಹತ್ತು ಪಟ್ಟಿನಷ್ಟಾದರೂ. ಹೊಳೆಯುವ ಟೇಪನ್ನು ಅದರ ಮೇಲೆ ಎಳೆಯಬಾರದು, ಪೆಟ್ಟಿಗೆಯ ಅಂಚಿಗೆ ಮಡಚಬಾರದು. ಸುರುಳಿಯಾಕಾರದ ಪೊಟ್ಟಣವಾದರೆ ಸಂಕೇತವನ್ನು ಉದ್ದಕ್ಕೆ ಅಂಟಿಸಬೇಕು; ಸುತ್ತಿ ಅಂಟಿಸಿದರೆ ಸ್ಕ್ಯಾನರಿನ ಬೆಳಕಿಗೆ ಎರಡೂ ತುದಿ ಒಟ್ಟಿಗೆ ಸಿಗುವುದಿಲ್ಲ. ಲೇಬಲ್ ಓದಲಾಗದಿದ್ದರೆ ಹಬ್‌ನವರು ನಂಬರನ್ನು ಕೈಯಲ್ಲಿ ಟೈಪ್ ಮಾಡುತ್ತಾರೆ, ಇಲ್ಲವೇ ಪಕ್ಕಕ್ಕೆ ಎಸೆಯುತ್ತಾರೆ. ಪಿಕಪ್ ಹೊತ್ತಿನಲ್ಲಿ ಪಾರ್ಸೆಲ್‌ಗಳ ಪಟ್ಟಿಗೆ ಸಹಿ ಹಾಕಿಸಿಕೊಂಡವರಿಗೆ, ಪ್ಯಾಕಿಂಗ್‌ನಿಂದ ಲೇಬಲ್ ಅಂಟಿಸುವವರೆಗೆ ಒಂದೇ ಓಟದ ವಿಡಿಯೊ ಇಟ್ಟುಕೊಂಡವರಿಗೆ ವಾದಿಸಲು ಏನಾದರೂ ಇರುತ್ತದೆ.

ಕಾನೂನಿನ ಆಸರೆ ತೆಳು. 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಅದರ 10ನೇ ಕಲಮು ಅಂಚೆ ಸೇವೆಯ ಹೊಣೆಗಾರಿಕೆಯನ್ನು ಬಹುಮಟ್ಟಿಗೆ ಕೈಬಿಟ್ಟಿದೆ. 2020ರ ಇ–ಕಾಮರ್ಸ್ ನಿಯಮಗಳ ಕಣ್ಣು ಕೊಳ್ಳುವವರ ಮೇಲೆ. ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. 2007ರ ರಸ್ತೆ ಸಾಗಣೆ ಕಾಯ್ದೆಯಡಿ ದಾವೆ ಹೂಡುವುದಾದರೆ, ಸರಕು ಬುಕ್ ಮಾಡಿದ 180 ದಿನದೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ತಲುಪಿರಬೇಕು.

ದೂರು ಕೊಡುವಾಗ ‘ಪಾರ್ಸೆಲ್ ಎಲ್ಲಿದೆ’ ಎಂದು ಕೇಳಿದರೆ ಪರದೆಯಲ್ಲಿದ್ದ ಸಾಲನ್ನೇ ಓದಿ ಹೇಳುತ್ತಾರೆ. ಕೇಳಬೇಕಾದದ್ದು ಬೇರೆ: ಕೊನೆಯ ಸ್ಕ್ಯಾನ್ ಪೊಟ್ಟಣದ್ದೋ ಚೀಲದ್ದೋ, ಚೀಲದ ನಂಬರೇನು, ಅದನ್ನು ಎಲ್ಲಿ ಬಿಚ್ಚಿದರು, ಬಿಚ್ಚಿದಾಗ ಎಣಿಕೆ ಕೂಡಿತೋ ಇಲ್ಲವೋ, ‘ಡೆಲಿವರ್ಡ್’ ಒತ್ತಿದಾಗ ಆ ಯಂತ್ರ ನಕಾಶೆಯಲ್ಲಿ ಯಾವ ಬಿಂದುವಿನಲ್ಲಿತ್ತು. ಹಂಚುವವರ ಮೊಬೈಲ್ ಆ ಬಿಂದುವನ್ನು ದಾಖಲಿಸುತ್ತಿದ್ದರೆ ಅದು ಕೊರಿಯರ್ ಕಂಪನಿಯ ಬಳಿ ಇರುತ್ತದೆ. ಮಾರಾಟಗಾರರ ಪರದೆಗೆ ಅದು ತಾನಾಗಿ ಬರುವುದಿಲ್ಲ; ಬರವಣಿಗೆಯಲ್ಲಿ ಕೇಳಬೇಕು, ಮಾರುಕಟ್ಟೆ ದೂರನ್ನು ಮುಚ್ಚುವ ಗಡುವಿಗೆ ಮೊದಲೇ ಕೇಳಬೇಕು.